ಸೇವೆಗೆ ಗಂಟೆ ಲೆಕ್ಕ ಬೇಕೇ?

ಹುಡುಗಿಯರ ದಳಗಳು, ಯುವಕ-ಯುವತಿ ಸಂಘಗಳು ಊರಿಗಾಗಿ ಮಾಡುವ ಕೆಲಸವನ್ನು ಗಂಟೆಗಳಲ್ಲಿ ಬರೆದಿಟ್ಟು, ಕೂಡಿಸಿ, ಆ ಮೊತ್ತದ ಮೇಲೆ ಬ್ಯಾಡ್ಜು ಇಲ್ಲವೇ ಪ್ರಮಾಣಪತ್ರ ಕೊಡುವ ಪದ್ಧತಿ ಬಹಳ ಕಡೆ ಇದೆ. ಅದು ಇರಬೇಕೇ ಎಂಬ ಬಗ್ಗೆ ಎರಡು ನಿಲುವುಗಳು ಇಲ್ಲಿವೆ.

ಪರ: ಬರೆದಿಡದ ದುಡಿಮೆ ಯಾರ ಕಣ್ಣಿಗೂ ಬೀಳುವುದಿಲ್ಲ

ಸೇವೆಗೆ ಲೆಕ್ಕ ಇಡಬಾರದು ಎಂಬ ಮಾತು ಕೇಳಲು ಚೆನ್ನಾಗಿದೆ. ಆದರೆ ಲೆಕ್ಕ ಇಡದ ಗುಂಪಿನಲ್ಲಿ ವರ್ಷದ ಕೊನೆಗೆ ಯಾರ ಹೆಸರು ಉಳಿದಿರುತ್ತದೆ ನೋಡಿ: ಮೈಕ್ ಹಿಡಿದವರದು, ಫೋಟೊದಲ್ಲಿ ಮುಂದೆ ನಿಂತವರದು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕೈಗವಸು ಎಣಿಸಿಟ್ಟ, ಸಂಜೆ ಎಲ್ಲರೂ ಹೋದ ಮೇಲೆ ಗುದ್ದಲಿ ತೊಳೆದು ಒಳಗಿಟ್ಟ ಹುಡುಗಿಯ ಹೆಸರು ಎಲ್ಲೂ ಇರುವುದಿಲ್ಲ. ಗಂಟೆ ಬರೆದಿಡುವ ಪುಸ್ತಕ ಮೊದಲು ಬೇಕಾಗಿರುವುದು ಅವಳಿಗೆ.

ಹೆಸರು ದಾಖಲಾಗುವುದು ಹುಡುಗಿಯರ ಪಾಲಿಗೆ ಯಾವತ್ತೂ ಸಣ್ಣ ಸಂಗತಿಯಾಗಿರಲಿಲ್ಲ. ಹುಡುಗರಿಗೆಂದು ಶುರುವಾದ ಸ್ಕೌಟ್ ಚಳವಳಿಯ ಮೊದಲ ದಿನಗಳಲ್ಲಿ ಬ್ರಿಟನ್ನಿನ ಎಷ್ಟೋ ಹುಡುಗಿಯರು ಪೂರ್ತಿ ಹೆಸರು ಬರೆಯದೆ ಇನಿಷಿಯಲ್ ಮಾತ್ರ ಕೊಟ್ಟು ನೋಂದಾಯಿಸಿಕೊಂಡಿದ್ದರು. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ನಡೆದ ಸ್ಕೌಟ್ ಮೇಳಕ್ಕೆ ಹುಡುಗಿಯರ ಗುಂಪೊಂದು ಕರೆಯದೆಯೇ ಬಂದು ನಿಂತಿತು. ಮರುವರ್ಷ, 1910ರಲ್ಲಿ, ಸ್ಕೌಟ್ ಸ್ಥಾಪಕರ ಸೋದರಿ ಆಗ್ನೆಸ್ ಬೇಡನ್-ಪೊವೆಲ್ ಮುಂದಾಳತ್ವದಲ್ಲಿ ಹುಡುಗಿಯರದೇ ಸಂಘಟನೆಯಾದ ಗರ್ಲ್ ಗೈಡ್ಸ್ ಹುಟ್ಟಿತು. ಯುವಜನರ ಸೇವೆ, ಸಾಹಸಗಳಿಗೆ ಬ್ರಿಟನ್ನಿನಲ್ಲಿ ಕೊಡುವ ಡ್ಯೂಕ್ ಆಫ್ ಎಡಿನ್‌ಬರೋ ಪ್ರಶಸ್ತಿ ಯೋಜನೆಯೂ 1956ರಲ್ಲಿ ಹುಡುಗರಿಗಷ್ಟೇ ಎಂದು ಶುರುವಾಗಿ, ಹುಡುಗಿಯರಿಗೆ ಬಾಗಿಲು ತೆರೆದದ್ದು 1958ರಲ್ಲಿ. ಪಟ್ಟಿಯಲ್ಲಿ ಜಾಗ ಪಡೆಯಲು ಇಷ್ಟು ಹೆಣಗಿದವರಿಗೆ ಈಗ ಪಟ್ಟಿಯೇ ಬೇಡ ಎಂದರೆ ಹೇಗೆ?

ಪುಸ್ತಕ ಇಡುವುದು ಕಷ್ಟವಲ್ಲ, ಇಡುವ ಕ್ರಮ ಗಟ್ಟಿಯಾಗಿರಬೇಕು. ಪುಟಕ್ಕೆ ಏಳು ಕಲಮ್ ಸಾಕು: ದಿನಾಂಕ, ಹೆಸರು, ಬಂದ ವೇಳೆ, ಹೋದ ವೇಳೆ, ಮಾಡಿದ ಕೆಲಸ, ಒಟ್ಟು ಅವಧಿ, ಸ್ಥಳದಲ್ಲಿ ಹೊಣೆ ಹೊತ್ತಿದ್ದವರ ಸಹಿ. ಕೆಲಸದ ಕಲಮಿನಲ್ಲಿ ‘ಸ್ವಚ್ಛತೆ’ ಎಂದು ಬರೆದರೆ ಏನೂ ತಿಳಿಯದು. ‘ಚರಂಡಿ ಬಾಯಿಯ ಕಸ ತೆಗೆದು ನಾಲ್ಕು ಚೀಲ ತುಂಬಿಸಿದ್ದು’ ಎಂದು ಬರೆಯಬೇಕು. ಅವಧಿಯನ್ನು ಕಾಲು ಗಂಟೆಯ ಲೆಕ್ಕದಲ್ಲಿ ಇಳಿಸಿ ಬರೆಯುವುದು ಒಳ್ಳೆಯದು: 1 ಗಂಟೆ 50 ನಿಮಿಷ ಆಗಿದ್ದರೆ ಒಂದೂಮುಕ್ಕಾಲು. ಸಿದ್ಧತೆಯೂ ಕೊನೆಯ ಅಚ್ಚುಕಟ್ಟೂ ಲೆಕ್ಕಕ್ಕೆ ಸೇರುತ್ತವೆ, ಪ್ರಯಾಣ ಸೇರುವುದಿಲ್ಲ. ಪೆನ್ಸಿಲ್ ಬೇಡ. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿ ಸರಿಯಾದ್ದನ್ನು ಬರೆಯಬೇಕು, ತಿದ್ದಿ ಮೇಲೆ ಬರೆಯಬಾರದು.

ಎಡವಟ್ಟಾಗುವ ಕಡೆಗಳು ಗೊತ್ತಿರುವಂಥವೇ. ಎಲ್ಲಕ್ಕಿಂತ ಕೆಟ್ಟದ್ದು ವರ್ಷದ ಕೊನೆಯಲ್ಲಿ ಕೂತು ಒಂದೇ ಪೆನ್ನಿನಲ್ಲಿ ಹನ್ನೆರಡು ತಿಂಗಳಿಗೆ ಸಹಿ ಹಾಕುವುದು. ಆಗ ಪುಟದಲ್ಲಿರುವುದು ನೆನಪು, ಲೆಕ್ಕವಲ್ಲ. ಏಳು ದಿನದೊಳಗೆ ಸಹಿ ಬೀಳದ ಸಾಲು ಎಣಿಕೆಗಿಲ್ಲ ಎಂಬ ಒಂದು ನಿಯಮ ಇಟ್ಟುಕೊಂಡರೆ ಇದು ನಿಲ್ಲುತ್ತದೆ. ಎರಡನೆಯದು ಗುಂಪಿನ ಗಂಟೆಯನ್ನೂ ಒಬ್ಬರ ಗಂಟೆಯನ್ನೂ ಬೆರೆಸುವುದು. ಹನ್ನೆರಡು ಹುಡುಗಿಯರು ಮೂರು ಗಂಟೆ ದುಡಿದರೆ ಗುಂಪಿನದು 36, ಒಬ್ಬೊಬ್ಬಳದು ಮೂರೇ. ಅದೇ ಭಾನುವಾರದ ಕೆಲಸವನ್ನು ಶಾಲೆಯ ಪುಸ್ತಕದಲ್ಲೂ ಸಂಘದ ಪುಸ್ತಕದಲ್ಲೂ ಬರೆಸುವುದು ಮೂರನೆಯದು. ಒಂದರಲ್ಲಿ ಬರೆದು, ಇನ್ನೊಂದರಲ್ಲಿ ‘ಅಲ್ಲಿ ಸೇರಿದೆ’ ಎಂದು ನಮೂದಿಸಿದರೆ ಜಗಳವಿಲ್ಲ.

ಈ ಪುಸ್ತಕದ ನಿಜವಾದ ಉಪಯೋಗ ಬೇರೆಯೇ ಇದೆ. ಪ್ರತಿ ಸಾಲಿನ ಪಕ್ಕದಲ್ಲಿ ಒಂದು ಅಕ್ಷರ ಹಾಕಿ: ನೇರ ಸೇವೆಗೆ ‘ನೇ’, ಸಿದ್ಧತೆಗೆ ‘ಸಿ’, ಅಚ್ಚುಕಟ್ಟಿಗೆ ‘ಅ’, ಹೊಣೆ ಹೊರುವ ಕೆಲಸಕ್ಕೆ ‘ಹೊ’. ಯೋಜನೆ ಹಾಕುವುದು, ಹಣ ನೋಡಿಕೊಳ್ಳುವುದು, ಅಧಿಕಾರಿಗಳ ಜೊತೆ ಮಾತಾಡುವುದು, ಅಳತೆ-ಯಂತ್ರ ಹಿಡಿಯುವುದು ಈ ಕೊನೆಯದಕ್ಕೆ ಸೇರುತ್ತವೆ. ಮೂರು ತಿಂಗಳು ಕಳೆದ ಮೇಲೆ ಹೆಸರಿನ ಪ್ರಕಾರ ಕೂಡಿಸಿ ನೋಡಿ. ಹುಡುಗ-ಹುಡುಗಿಯರು ಜೊತೆಯಾಗಿರುವ ಗುಂಪಾದರೆ ‘ಅ’ ಮತ್ತು ‘ಸಿ’ ಒಂದು ಕಡೆ ರಾಶಿ ಬಿದ್ದಿರುತ್ತವೆ, ‘ಹೊ’ ಇನ್ನೊಂದು ಕಡೆ. ಹೆಸರು ನೋಂದಾಯಿಸುವ ಮೇಜು, ನೀರು ಹಂಚುವುದು, ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವುದು, ಕಡೆಯಲ್ಲಿ ಗುಡಿಸುವುದು, ಇವು ಯಾರ ಪಾಲಿಗೆ ಬಂದಿವೆ ಎಂದು ಯಾರೂ ಬೆರಳು ತೋರಿಸಬೇಕಾಗಿಲ್ಲ. ಯಾರೂ ಬೇಕೆಂದು ಹಂಚಿದ್ದಲ್ಲ, ಅಭ್ಯಾಸ ಹಂಚಿದ್ದು. ಬಾಯಲ್ಲಿ ಹೇಳಿದರೆ ‘ಹಾಗೇನಿಲ್ಲ’ ಎಂದು ತಳ್ಳಿಹಾಕುವವರು, ತಮ್ಮದೇ ಸಹಿ ಇರುವ ಪುಟದ ಮುಂದೆ ಹಾಗೆ ಹೇಳಲಾರರು. ಮುಂದಿನ ಮೂರು ತಿಂಗಳ ಕೆಲಸ ಹಂಚುವಾಗ ಈ ಮೊತ್ತ ಎದುರಿಗಿರಬೇಕು.

ಪ್ರಶಸ್ತಿಗಳ ಮಾತು ಬಂದಾಗ ಗಂಟೆಯನ್ನೇ ಗುರಿ ಮಾಡಿದ್ದಾರೆ ಎಂಬ ದೂರು ಕೇಳುತ್ತದೆ. ಅದು ಅರ್ಧ ಸತ್ಯ. ಅಮೆರಿಕದ ಗರ್ಲ್ ಸ್ಕೌಟ್ಸ್‌ನಲ್ಲಿ ಕಂಚಿಗೆ 20, ಬೆಳ್ಳಿಗೆ 50, ಚಿನ್ನಕ್ಕೆ 80 ಗಂಟೆ ಎಂದು ಸೂಚಿಸಿದ್ದಾರೆ. ಆದರೆ ಚಿನ್ನದ ಪ್ರಶಸ್ತಿಗೆ, ಹುಡುಗಿ ಬಿಟ್ಟುಹೋದ ಮೇಲೂ ಕೆಲಸ ನಡೆಯುವಂತೆ ಏರ್ಪಾಡು ಮಾಡಿರಬೇಕೆಂಬ ಷರತ್ತೂ ಇದೆ. ಭಾರತದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಎರಡು ವರ್ಷಕ್ಕೆ 240 ಗಂಟೆ, ಜೊತೆಗೆ ಏಳು ದಿನದ ವಿಶೇಷ ಶಿಬಿರ. ಇವೆಲ್ಲ ಕನಿಷ್ಠ ಮಿತಿಗಳು. ಮಿತಿಯೇ ಇಲ್ಲದ ಕಡೆ ಒಂದು ದಿನ ಬಂದವಳಿಗೂ ವರ್ಷವಿಡೀ ಬಂದವಳಿಗೂ ಒಂದೇ ಕಾಗದ ಸಿಗುತ್ತದೆ. ಅದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ.

ಮನೆಯಿಂದ ಹೊರಗೆ ಹೊರಡಲು ಒಪ್ಪಿಗೆ ಬೇಕಾಗುವ ಹುಡುಗಿಗೆ ಈ ಪುಸ್ತಕ ಇನ್ನೊಂದು ರೀತಿಯಲ್ಲಿ ನೆರವಾಗುತ್ತದೆ. ಎಲ್ಲಿ, ಎಷ್ಟು ಹೊತ್ತಿನ ತನಕ, ಯಾರ ಹೊಣೆಯಲ್ಲಿ ಎಂಬ ಮೂರೂ ಪ್ರಶ್ನೆಗೆ ಉತ್ತರ ಅದರಲ್ಲಿದೆ. ಕಳೆದ ತಿಂಗಳ ಪುಟ ತೋರಿಸಿ ‘ಹೇಳಿದ ಹೊತ್ತಿಗೇ ಬಿಟ್ಟಿದ್ದಾರೆ’ ಎನ್ನಬಹುದು. ಕೊನೆಯ ಸಹಿ ಬೀಳುವ ತನಕ ದಳದ ನಾಯಕಿ ಸ್ಥಳ ಬಿಡಬಾರದು ಎಂದಿಟ್ಟುಕೊಂಡರೆ ಆ ಮಾತಿಗೆ ಬೆಲೆ ಬರುತ್ತದೆ.

ವಿರೋಧ: ಮೊತ್ತ ಕೂಡಿಸಲು ಶುರುಮಾಡಿದರೆ ಕೆಲಸ ಅದರ ಹಿಂದೆ ಹೋಗುತ್ತದೆ

ಯಾರು ಯಾವಾಗ ಬಂದರು, ಯಾವಾಗ ಹೋದರು ಎಂದು ಬರೆಯಲೇಬೇಕು. ಅದು ಹಾಜರಿ. ಮಕ್ಕಳ ಸುರಕ್ಷತೆಗೆ ಅದಿಲ್ಲದೆ ಆಗದು. ತಕರಾರು ಇರುವುದು ಆ ಗಂಟೆಗಳನ್ನು ಕೂಡಿಸಿ, ಮೊತ್ತಕ್ಕೆ ಬ್ಯಾಡ್ಜು ಕಟ್ಟುವುದರ ಬಗ್ಗೆ.

ಗಿಡ ನೆಡುವ ಕಾರ್ಯಕ್ರಮವನ್ನೇ ತೆಗೆದುಕೊಳ್ಳಿ. ಐವತ್ತು ಮಂದಿ, ನಲವತ್ತು ಸಸಿ, ನಾಲ್ಕು ಗಂಟೆ. ಗುದ್ದಲಿ ಇರುವುದು ಇಪ್ಪತ್ತು. ಉಳಿದ ಮೂವತ್ತು ಮಂದಿ ಹೆಚ್ಚಿನ ಹೊತ್ತು ನಿಂತೇ ಇರುತ್ತಾರೆ. ಪುಸ್ತಕದಲ್ಲಿ 200 ಗಂಟೆ. ಹೊತ್ತು ಮೀರುತ್ತಿದೆ ಎಂಬ ಅವಸರದಲ್ಲಿ 45 ಸೆಂಟಿಮೀಟರ್ ಉದ್ದ, ಅಗಲ, ಆಳ ಇರಬೇಕಾದ ಗುಂಡಿ ಅರ್ಧಕ್ಕೇ ನಿಂತಿರುತ್ತದೆ. ಬೇರಿನ ಸುತ್ತಲಿನ ಪ್ಲಾಸ್ಟಿಕ್ ಚೀಲ ಬಿಚ್ಚದೆ ಹಾಗೇ ಇಳಿಸಿದ ಸಸಿಗಳೂ ಇರುತ್ತವೆ. ಅವುಗಳ ಬೇರು ಚೀಲದೊಳಗೇ ಸುತ್ತಿಕೊಂಡು ಗಿಡ ಬೆಳೆಯದೆ ನಿಲ್ಲುತ್ತದೆ. ಕೆಲವು ಸಸಿಗಳಿಗೆ ಕಾಂಡದ ಬುಡವೂ ಮುಚ್ಚುವಷ್ಟು ಮಣ್ಣು ಏರಿಸಿರುತ್ತಾರೆ, ಅದು ಕೊಳೆಯುತ್ತದೆ.

ಆ ಸಸಿಗಳು ಬದುಕುವುದೋ ಇಲ್ಲವೋ ತೀರ್ಮಾನವಾಗುವುದು ಮುಂದಿನ ಒಣ ದಿನಗಳಲ್ಲಿ. ವಾರಕ್ಕೊಮ್ಮೆ ಗಿಡಕ್ಕೆ 10ರಿಂದ 15 ಲೀಟರ್ ನೀರನ್ನು ನಿಧಾನವಾಗಿ, ಇಂಗುವ ಹಾಗೆ ಬಿಡಬೇಕು. ದಿನಾ ಒಂದು ಚೊಂಬು ಸುರಿದರೆ ಬೇರು ಮೇಲೆಯೇ ಉಳಿಯುತ್ತದೆ, ಕೆಳಗೆ ಇಳಿಯುವುದಿಲ್ಲ. ಬುಡದ ಸುತ್ತ ಅರ್ಧ ಮೀಟರ್ ಕಳೆ ತೆಗೆಯಬೇಕು. ಒಣ ಎಲೆಯ ಹೊದಿಕೆ ನಾಲ್ಕು ಬೆರಳು ದಪ್ಪ ಇರಬೇಕು, ಕಾಂಡಕ್ಕೆ ಮುಟ್ಟಬಾರದು. ಆಧಾರದ ಕೋಲಿಗೆ ಕಟ್ಟಿದ ಹಗ್ಗ ಕಾಂಡವನ್ನು ಕೊರೆಯುತ್ತಿದೆಯೇ ಎಂದು ನೋಡಿ ಸಡಿಲಿಸಬೇಕು. ಸಸಿಗಳನ್ನು ಹಂಚಿಕೊಂಡು ಸರದಿಯ ಮೇಲೆ ಬರುವ ಹುಡುಗಿಯರು ಹದಿನಾರು ವಾರ ಈ ಕೆಲಸ ಮಾಡಿದರೂ ಎಷ್ಟೋ ಸಲ ಮೊತ್ತ ಆ ಒಂದು ದಿನದ 200ಕ್ಕೆ ಸಮ ಬರುವುದಿಲ್ಲ. ಗಿಡ ಉಳಿಸಿದ್ದು ಅವರು. ಗಂಟೆಯ ಪುಸ್ತಕ ಹೇಳುವುದು ತಿರುವುಮುರುವು.

ವೃದ್ಧಾಶ್ರಮದ ಭೇಟಿಯಲ್ಲಿ ಇದು ಇನ್ನೂ ನೋವು ಕೊಡುತ್ತದೆ. ಇಪ್ಪತ್ತು ಹಿರಿಯರಿರುವ ಕಡೆ ಮೂವತ್ತು ಮಂದಿ ಒಟ್ಟಿಗೆ ನುಗ್ಗಿದರೆ ಸದ್ದಿಗೇ ಅವರು ಸುಸ್ತಾಗುತ್ತಾರೆ. ಹೆಸರೇನು, ಊರು ಯಾವುದು ಎಂಬ ಅದೇ ಪ್ರಶ್ನೆಗೆ ಹತ್ತು ಸಲ ಉತ್ತರ ಹೇಳುತ್ತಾರೆ. ಅವರಿಗೆ ಬೇಕಿರುವುದು ಅದೇ ಇಬ್ಬರು ಹುಡುಗಿಯರು, ಪ್ರತಿ ವಾರ ಅದೇ ದಿನ, ಅದೇ ಹೊತ್ತಿಗೆ ಬಂದು ನಲವತ್ತು ನಿಮಿಷ ಕೂರುವುದು. ಕಳೆದ ವಾರ ಎಲ್ಲಿಗೆ ಮಾತು ನಿಂತಿತ್ತೋ ಅಲ್ಲಿಂದ ಶುರುವಾಗುವುದು. ಪರ ವಾದದವರು ಹೇಳುವ ಹಾಗೆ ಕಾಲು ಗಂಟೆಗೆ ಇಳಿಸಿ ಬರೆದರೆ ಈ ನಲವತ್ತು ನಿಮಿಷ ಅರ್ಧ ಗಂಟೆಯಾಗುತ್ತದೆ. ಪುಟ್ಟ ಮಕ್ಕಳಿಗೆ ಓದಿ ಹೇಳುವುದೂ ಹಾಗೇ: ವಾರಕ್ಕೆರಡು ಸಲ, ಇಪ್ಪತ್ತೈದು ನಿಮಿಷ, ಅದೇ ದನಿ. ಮಗುವಿನ ಗಮನ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಗಂಟೆ ತುಂಬಿಸಲು ಎರಡು ತಾಸು ಕೂರಿಸಿದರೆ ಮಗುವಿಗೆ ಪುಸ್ತಕ ಕಂಡರಾಗದಂತೆ ಆಗುತ್ತದೆ.

ಹುಡುಗಿಯರ ಪರವಾಗಿ ಗಂಟೆ ಲೆಕ್ಕ ಬೇಕು ಎಂಬ ವಾದಕ್ಕೆ ಬರೋಣ. ಐದರಿಂದ ಹದಿನಾಲ್ಕು ವರ್ಷದ ಹುಡುಗಿಯರು ಅದೇ ವಯಸ್ಸಿನ ಹುಡುಗರಿಗಿಂತ ಮನೆಗೆಲಸ, ನೀರು-ಸೌದೆ ತರುವುದಕ್ಕೆ 40 ಶೇಕಡಾ ಹೆಚ್ಚು ಸಮಯ ಕೊಡುತ್ತಾರೆ, ಪ್ರಪಂಚದಾದ್ಯಂತ ಅದು ದಿನಕ್ಕೆ 16 ಕೋಟಿ ಗಂಟೆಯ ಅಂತರ ಎಂದು ಯುನಿಸೆಫ್ 2016ರಲ್ಲಿ ತಿಳಿಸಿತು. ಈ ಗಂಟೆಗಳು ಯಾವ ಸೇವಾ ಪುಸ್ತಕಕ್ಕೂ ಬರುವುದಿಲ್ಲ. ಭಾನುವಾರ ತಮ್ಮನನ್ನು ನೋಡಿಕೊಳ್ಳಬೇಕಾಗಿರುವ ಹುಡುಗಿ ಉಳಿದ ಒಂದು ತಾಸನ್ನು ತಂದು ಗುಂಪಿಗೆ ಕೊಡುತ್ತಾಳೆ. ಕೈ ಖಾಲಿ ಇರುವವಳು ಐದು ತಾಸು ಕೊಡುತ್ತಾಳೆ. ಪ್ರಮಾಣಪತ್ರ ಯಾರಿಗೆ? ಬಿಡುವು ಇದ್ದವರಿಗೆ. ಇದನ್ನು ಸೇವೆಯ ಅಳತೆ ಎಂದು ಕರೆಯಲು ಮನಸ್ಸು ಒಪ್ಪುವುದಿಲ್ಲ. ಅಚ್ಚುಕಟ್ಟಿನ ಕೆಲಸವೆಲ್ಲ ಹುಡುಗಿಯರ ಪಾಲಿಗೆ ಬೀಳುತ್ತದೆ ಎಂಬ ಮಾತು ಪೂರ್ತಿ ನಿಜ. ಆದರೆ ಪುಸ್ತಕ ಮೂರು ತಿಂಗಳ ನಂತರ ತೋರಿಸುವುದನ್ನು ಸರದಿ ಪಟ್ಟಿ ಮೊದಲ ದಿನವೇ ಸರಿಮಾಡುತ್ತದೆ: ಈ ವಾರ ಗುಡಿಸುವವರು ಯಾರು, ಹಣದ ಚೀಲ ಯಾರದು, ಮಾತಾಡುವವರು ಯಾರು ಎಂದು ಮೊದಲೇ ಹೆಸರು ಬರೆದು ಗೋಡೆಗೆ ಅಂಟಿಸಿ.

ಗಂಟೆಯನ್ನು ಕಡ್ಡಾಯ ಮಾಡಿದ ಕಡೆಗಳಿವೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಪ್ರೌಢಶಾಲೆ ಮುಗಿಸಲು 75 ಗಂಟೆ, ಕೆನಡಾದ ಒಂಟಾರಿಯೊದಲ್ಲಿ 40. ಇಂಥ ಸಂಖ್ಯೆ ಕೊಟ್ಟೊಡನೆ ವಿದ್ಯಾರ್ಥಿ ಕೇಳುವ ಮೊದಲ ಪ್ರಶ್ನೆ ‘ಇನ್ನೆಷ್ಟು ಬಾಕಿ?’ ಎನ್ನುವುದು. ‘ಇನ್ನೇನು ಬಾಕಿ?’ ಎಂದು ಕೇಳುವವರು ವಿರಳ. ಹಲವು ದೇಶಗಳ ಶಾಲೆಗಳಲ್ಲಿರುವ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಪಠ್ಯಕ್ರಮದಲ್ಲೂ ಸೃಜನಶೀಲತೆ, ದೈಹಿಕ ಚಟುವಟಿಕೆ, ಸೇವೆ ಮೂರೂ ಸೇರಿದ ಭಾಗಕ್ಕೆ ಹಿಂದೆ 150 ಗಂಟೆಯ ಲೆಕ್ಕವಿತ್ತು. ಆಮೇಲೆ ಗಂಟೆ ಎಣಿಸುವುದನ್ನು ಕೈಬಿಟ್ಟು, ವಿದ್ಯಾರ್ಥಿ ಏನು ಕಲಿತ ಎಂಬುದನ್ನು ನೋಡತೊಡಗಿದರು.

ಎಣಿಸಲೇಬೇಕೆಂದರೆ ಎಣಿಸಲು ಬೇರೆ ಇವೆ. 1986ರಲ್ಲಿ ಟೆಕ್ಸಾಸ್ ಕರಾವಳಿಯಲ್ಲಿ ಮೊದಲಾದ ಅಂತಾರಾಷ್ಟ್ರೀಯ ಕರಾವಳಿ ಸ್ವಚ್ಛತಾ ಆಂದೋಲನದಲ್ಲಿ ಸ್ವಯಂಸೇವಕರ ಕೈಗೆ ಒಂದು ಕಾರ್ಡು ಕೊಡುತ್ತಾರೆ. ಬಾಟಲಿ ಎಷ್ಟು, ಮುಚ್ಚಳ ಎಷ್ಟು, ಸಿಗರೇಟ್ ತುಂಡು ಎಷ್ಟು, ಹಗ್ಗ-ಬಲೆ ಎಷ್ಟು ಎಂದು ಅದರಲ್ಲಿ ಗುರುತು ಹಾಕುತ್ತಾ ಹೋಗಬೇಕು. ಹೆಕ್ಕಿದ ಕಸ ಎಲ್ಲಿಂದ ಬರುತ್ತಿದೆ ಎಂದು ಅದರಿಂದ ತಿಳಿಯುತ್ತದೆ, ತಡೆಯುವ ದಾರಿ ಹುಡುಕಬಹುದು. ಕೆರೆ ದಡದ ಕೆಲಸಕ್ಕೂ ಇದು ಹೊಂದುತ್ತದೆ. ಸಸಿಗಾದರೆ ನೆಟ್ಟು ಮೂರು, ಆರು, ಹನ್ನೆರಡು ತಿಂಗಳಿಗೆ ಜೀವಂತ ಎಷ್ಟು ಎಂದು ಎಣಿಸಿದರೆ ಸಾಕು.

ಗಂಟೆ ಪುಸ್ತಕದ ಜಾಗದಲ್ಲಿ ಹೊಣೆ ಪುಸ್ತಕ ಇಡಬೇಕು. ಒಂದು ಕೆಲಸಕ್ಕೆ ಒಂದು ಪುಟ: ಕೆಲಸ ಏನು, ಯಾರಿಗಾಗಿ, ಹೊಣೆ ಹೊತ್ತ ಇಬ್ಬರ ಹೆಸರು, ಎಂದಿನ ತನಕ, ಅವರ ನಂತರ ಯಾರು. ಇಬ್ಬರೇ ಇರಲಿ, ಮೂರನೆಯವರು ಸೇರಿದರೆ ಪ್ರತಿಯೊಬ್ಬರೂ ಇನ್ನೊಬ್ಬರು ಹೋಗುತ್ತಾರೆ ಎಂದುಕೊಂಡು ಯಾರೂ ಹೋಗುವುದಿಲ್ಲ. ಒಬ್ಬಳೇ ಆದರೆ ಪರೀಕ್ಷೆ, ಜ್ವರ ಬಂದ ವಾರ ಕೆಲಸ ನಿಲ್ಲುತ್ತದೆ. ಗುಂಪುಗಳ ಕೆಲಸ ಅರ್ಧಕ್ಕೆ ಬೀಳುವುದು ಹೆಚ್ಚಾಗಿ ಕೈ ಬದಲಾಗುವ ವೇಳೆಯಲ್ಲಿ, ದೊಡ್ಡ ಹುಡುಗಿಯರು ಓದಲು ಬೇರೆ ಊರಿಗೆ ಹೊರಟಾಗ. ಅದಕ್ಕೇ ಹೊಸಬರನ್ನು ಎರಡು ವಾರ ಮೊದಲೇ ಜೊತೆಗೆ ಕರೆದೊಯ್ಯಬೇಕು: ಮೊದಲ ವಾರ ಹಳಬರು ಮಾಡುವುದನ್ನು ನೋಡುವುದು, ಎರಡನೆಯ ವಾರ ಹೊಸಬರು ಮಾಡುವುದನ್ನು ಹಳಬರು ನೋಡುವುದು. ನಲ್ಲಿಯ ಕೀಲಿ ಯಾರ ಹತ್ತಿರ ಇದೆ, ಯಾವ ಅಜ್ಜಿಗೆ ಎಡಗಿವಿ ಕೇಳಿಸುವುದಿಲ್ಲ, ಯಾವ ಸಸಿಯ ಬೇಲಿ ಸಡಿಲವಾಗಿದೆ ಎಂಬುದನ್ನೆಲ್ಲ ಆ ಪುಟದ ಹಿಂಬದಿಯಲ್ಲಿ ಬರೆದು ಕೊಡಬೇಕು.