ಒಂದೊಂದು ಮನೆಗೆ ಒಂದೊಂದು ಇಸವಿ

ನಮ್ಮ ಬೀದಿಯಲ್ಲಿ ಒಂದೊಂದು ಮನೆಗೆ ಒಂದೊಂದು ಇಸವಿ. ಎಡಗಡೆಯ ಅಜ್ಜಿಯ ಮನೆಯಲ್ಲಿ ಇನ್ನೂ 1975. ನಾವು ಬಾಡಿಗೆಗಿರುವ ಮನೆಯ ಮಾಲೀಕರಿಗೆ 1996. ಎದುರುಮನೆಯ ತೆಲುಗು ದಂಪತಿಗೆ 2022, ಅದೂ ಬೆಲೆ ನೆತ್ತಿಗೇರಿದ್ದ ಏಪ್ರಿಲ್ ತಿಂಗಳು. ಹೊರಗಿನಿಂದ ನೋಡಿದರೆ ಮೂರೂ ಒಂದೇ ಅಚ್ಚಿನವು. ಒಂದೇ ಅಂತಸ್ತು, ಮುಂದೆ ಗ್ಯಾರೇಜು, ಪಕ್ಕದಲ್ಲಿ ಒಂದು ನಿಂಬೆ ಗಿಡ. ಆದರೆ ಮೂರು ಮನೆಯವರೂ ಬೇರೆ ಬೇರೆ ಕಾಲದ ಖರ್ಚಿನಲ್ಲಿ ಬದುಕುತ್ತಿದ್ದಾರೆ.

ಊರು ಕ್ಯಾಲಿಫೋರ್ನಿಯಾದ ಫ್ರೀಮಾಂಟ್. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವದ ದಂಡೆ. 1956ರಲ್ಲಿ ಸೆಂಟರ್‌ವಿಲ್, ನೈಲ್ಸ್, ಇರ್ವಿಂಗ್‌ಟನ್, ಮಿಷನ್ ಸ್ಯಾನ್ ಹೋಸೆ, ವಾರ್ಮ್ ಸ್ಪ್ರಿಂಗ್ಸ್ ಎಂಬ ಐದು ಸಣ್ಣ ಊರುಗಳು ಸೇರಿ ಒಂದು ನಗರವಾಯಿತು. ನಗರ ಅಂತ ಹೆಸರಿಗೆ. ಪೇಟೆ ಬೀದಿ ಎಲ್ಲಿದೆ ಅಂತ ಕೇಳಿದರೆ ಐದು ಜನ ಐದು ಕಡೆ ಕೈ ತೋರಿಸುತ್ತಾರೆ. ಉಳಿದದ್ದೆಲ್ಲ ಮನೆ, ಮನೆ, ಮನೆ. ರಾತ್ರಿ ಒಂಬತ್ತಕ್ಕೆ ರಸ್ತೆಯಲ್ಲಿ ಒಂದು ನರಪಿಳ್ಳೆ ಸಿಗುವುದಿಲ್ಲ. ಇಂಥ ಊರಲ್ಲಿ ಒಂದು ಸಾಧಾರಣ ಮೂರು ಬೆಡ್‌ರೂಮಿನ ಹಳೇ ಮನೆಗೆ 15 ಲಕ್ಷ ಡಾಲರ್.

ಅಪ್ಪ ಊರಿಂದ ಬಂದಿದ್ದಾಗ ಈ ಸಂಖ್ಯೆಯನ್ನು ಮೊದಲು ಎಂಬತ್ತೈದರಿಂದ ಗುಣಿಸಿದರು. ಹನ್ನೆರಡೂ ಮುಕ್ಕಾಲು ಕೋಟಿ ಅಂತ ಬಂತು. ಆಮೇಲೆ ಎದ್ದು ಹೋಗಿ ಗೋಡೆಯನ್ನು ಬೆರಳಿನಿಂದ ತಟ್ಟಿದರು. ಟೊಕ್ ಟೊಕ್ ಅಂತ ಟೊಳ್ಳು ಸದ್ದು ಬಂತು. ಇನ್ನೊಂದು ಗೋಡೆ ತಟ್ಟಿದರು. ಅಲ್ಲೂ ಅದೇ.

"ಏನಮ್ಮಾ ಇದು, ರಟ್ಟಾ?"

"ರಟ್ಟಲ್ಲಪ್ಪ. ಒಳಗೆ ಮರದ ಚೌಕಟ್ಟು, ಮೇಲೆ ಡ್ರೈವಾಲ್ ಅಂತ ಹಾಕಿರ್ತಾರೆ."

"ಹನ್ನೆರಡೂ ಮುಕ್ಕಾಲು ಕೋಟಿಗೆ ಇಟ್ಟಿಗೆ ಕೊಡಲ್ವಾ ಇವರು?"

ತುಮಕೂರಿನಲ್ಲಿ ಸೈಜುಗಲ್ಲು ಹಾಕಿಸಿ, ನೀರು ಕುಡಿಸಿ ಕುಡಿಸಿ ಮನೆ ಕಟ್ಟಿಸಿದವರು ಅವರು. ನಾನು ಭೂಕಂಪದ ಕಥೆ ಹೇಳಿದೆ. ಈ ಊರಿನ ಅಡಿಯಲ್ಲೇ ಹೇವರ್ಡ್ ಬಿರುಕು ಹಾದುಹೋಗಿದೆ, 1868ರಲ್ಲಿ ಜೋರಾಗಿ ಕಂಪಿಸಿತ್ತು, ಇಂಥ ಕಡೆ ಇಟ್ಟಿಗೆಗಿಂತ ಮರವೇ ವಾಸಿ ಅಂದೆ. ಮಾಮೂಲಿ ಮನೆ ವಿಮೆಯಲ್ಲಿ ಭೂಕಂಪ ಸೇರುವುದಿಲ್ಲ, ಅದಕ್ಕೆ ಬೇರೆ ದುಡ್ಡು ಕಟ್ಟಬೇಕು ಅಂತಲೂ ಬಾಯಿತಪ್ಪಿ ಹೇಳಿಬಿಟ್ಟೆ. ಬಿರುಕಿನ ಮೇಲೆ ಕೂತ ಟೊಳ್ಳು ಗೋಡೆಯ ಮನೆಗೆ ಜನ ಸಾಲುಗಟ್ಟಿ ನಿಂತು ಹೇಳಿದ್ದಕ್ಕಿಂತ ಜಾಸ್ತಿ ಕೊಟ್ಟು ಕೊಳ್ಳುತ್ತಾರೆ ಎನ್ನುವುದು ಅವರಿಗೆ ಅರಗಲೇ ಇಲ್ಲ. ನಿಜ ಹೇಳಬೇಕೆಂದರೆ ನನಗೂ ಪೂರ್ತಿ ಅರಗಿಲ್ಲ.

ಕೊಳ್ಳುವುದು ಗೋಡೆಯನ್ನಲ್ಲ, ಗೆರೆಯನ್ನು. ಯಾವ ಮನೆಯ ಮಗು ಯಾವ ಶಾಲೆಗೆ ಹೋಗಬೇಕು ಅಂತ ಇಲ್ಲಿ ನಕ್ಷೆಯ ಮೇಲೆ ಗೆರೆ ಎಳೆದಿರುತ್ತಾರೆ. ಸರ್ಕಾರಿ ಶಾಲೆ, ಫೀಸು ಇಲ್ಲ, ಬಿಟ್ಟಿ. ಆ ಬಿಟ್ಟಿ ಶಾಲೆಯ ಗೆರೆಯೊಳಗೆ ಬರಲು ಮಾತ್ರ ಲಕ್ಷಾಂತರ ಡಾಲರ್ ಹೆಚ್ಚು. ಮಿಷನ್ ಸ್ಯಾನ್ ಹೋಸೆ ಹೈಸ್ಕೂಲಿನ ಕಡೆಯ ಮನೆಗಳ ಬೆಲೆ ಕೇಳಿದರೆ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ಶಾಲೆಯವರೇ ನೇರವಾಗಿ ಡೊನೇಶನ್ ತೆಗೆದುಕೊಳ್ಳುತ್ತಾರೆ. ಇಲ್ಲಿ ಅದೇ ದುಡ್ಡು ಮನೆ ಮಾರಿದವರ ಜೇಬಿಗೆ ಹೋಗುತ್ತದೆ. ಶಾಲೆಯವರು ಪಾಪ, ವರ್ಷಕ್ಕೊಮ್ಮೆ ನಮ್ಮ ಹತ್ತಿರ ಟಿಶ್ಯೂ ಪೇಪರ್ ಡಬ್ಬ ತಂದುಕೊಡಿ ಅಂತ ಚೀಟಿ ಕಳಿಸುತ್ತಾರೆ.

ಇನ್ನು ಇಸವಿಯ ವಿಷಯ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮನೆಗಳ ಬೆಲೆ ಏರುತ್ತಾ ಹೋಯಿತು. ಬೆಲೆ ಏರಿದಂತೆ ಮನೆ ಕಂದಾಯವೂ ಏರಿತು. ಪಿಂಚಣಿಯಲ್ಲಿ ಬದುಕುವ ವಯಸ್ಸಾದವರು ಕಂದಾಯ ಕಟ್ಟಲಾರದೆ ಮನೆ ಕಳೆದುಕೊಳ್ಳುತ್ತಾರೆ ಎಂಬ ಕೂಗೆದ್ದಿತು. 1978ರ ಜೂನ್‌ನಲ್ಲಿ ಜನ ಓಟು ಹಾಕಿ ಪ್ರಾಪೊಸಿಷನ್ 13 ಅಂತ ಒಂದು ಕಾನೂನು ಮಾಡಿಕೊಂಡರು. ಮೂಲ ಕಂದಾಯ ಮನೆಯ ಬೆಲೆಯ 1%. ಆ ಬೆಲೆಯಾದರೂ ಇವತ್ತಿನದಲ್ಲ, ನೀವು ಕೊಂಡ ದಿನದ್ದು. ಅದನ್ನು ವರ್ಷಕ್ಕೆ 2%ಗಿಂತ ಹೆಚ್ಚು ಏರಿಸುವ ಹಾಗಿಲ್ಲ. 1975ಕ್ಕೂ ಮುಂಚೆ ಕೊಂಡವರಿಗೆ ಆ ವರ್ಷದ ಬೆಲೆಯೇ ಲೆಕ್ಕ.

ಒಂದು ಲೆಕ್ಕ ಹಾಕಿ ನೋಡಿ. 1975ರಲ್ಲಿ ಒಂದು ಮನೆಗೆ 50 ಸಾವಿರ ಡಾಲರ್ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ಎರಡರಂತೆ ಐವತ್ತು ವರ್ಷ ಏರಿಸಿದರೂ ಅದು 1 ಲಕ್ಷ 35 ಸಾವಿರ ಮುಟ್ಟುವುದಿಲ್ಲ. ಕಂದಾಯ 1,350 ಡಾಲರಿನ ಒಳಗೆ. ಅದೇ ಥರದ ಮನೆಯನ್ನು 2022ರಲ್ಲಿ 16 ಲಕ್ಷಕ್ಕೆ ಕೊಂಡವರ ಕಂದಾಯ 16 ಸಾವಿರದಿಂದ ಶುರು. ಶಾಲೆ, ಆಸ್ಪತ್ರೆ ಅಂತ ಸೇರುವ ಚಿಲ್ಲರೆ ಬಾಬತ್ತುಗಳು ಬೇರೆ. ಒಂದೇ ರಸ್ತೆ, ಒಂದೇ ಬೀದಿ ದೀಪ, ಕಸದ ಲಾರಿ ಬರುವುದೂ ಒಂದೇ ದಿನ. ಎದುರುಮನೆಯಾಕೆ ಒಂದು ಸಲ ಅಜ್ಜಿಯ ಕಂದಾಯ ಎಷ್ಟು ಅಂತ ವೆಬ್‌ಸೈಟಿನಲ್ಲಿ ನೋಡಿಬಿಟ್ಟರಂತೆ. ಇಲ್ಲಿ ಯಾರು ಬೇಕಾದರೂ ನೋಡಬಹುದು. ಅವತ್ತಿಡೀ ಆಕೆ ಯಾರ ಜೊತೆಗೂ ಮಾತಾಡಲಿಲ್ಲ.

ಅಜ್ಜಿಗೆ ಈ ಕಾನೂನು ಬೇಕಿತ್ತು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಇದೇ ಅನುಕೂಲ ದೊಡ್ಡ ದೊಡ್ಡ ಕಂಪನಿಗಳ ಜಾಗಗಳಿಗೂ ಸಿಗುತ್ತದೆ. ಅವನ್ನು ಬೇರೆ ಮಾಡೋಣ ಅಂತ 2020ರಲ್ಲಿ ಮತ್ತೆ ಓಟಿಗೆ ಹಾಕಿದರು, ಸೋತುಹೋಯಿತು. ಕೊನೆಗೆ ಎಲ್ಲರ ಪಾಲಿನ ಬಿಸಿ ತಟ್ಟುವುದು ತಡವಾಗಿ ಬಂದವರಿಗೆ. ಅದರಲ್ಲೂ ಬಾಡಿಗೆಯವರಿಗೆ. ನಮ್ಮ ಮಾಲೀಕರ ವರ್ಷದ ಕಂದಾಯ ನಮ್ಮ ಒಂದು ತಿಂಗಳ ಬಾಡಿಗೆಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಮಿಕ್ಕ ಹನ್ನೊಂದು ತಿಂಗಳ ಬಾಡಿಗೆ ಎಲ್ಲಿಗೆ ಹೋಗುತ್ತದೆ ಅಂತ ಕೇಳುವುದು ಸಭ್ಯತೆಯಲ್ಲ. ಬಾಡಿಗೆ ಏರಿಕೆಗೆ ಮಿತಿ ಹಾಕುವ 2019ರ ಕಾನೂನೊಂದು ಇದೆ. ನಮ್ಮಂಥ ಒಂಟಿ ಮನೆಗಳಿಗೆ ಅದು ಬಹುಮಟ್ಟಿಗೆ ಅನ್ವಯಿಸುವುದಿಲ್ಲ.

ಮನೆಯ ನಂತರ ಕರೆಂಟು. ಇಲ್ಲಿ ಸಂಜೆ ನಾಲ್ಕರಿಂದ ಒಂಬತ್ತರವರೆಗೆ ಯೂನಿಟ್ಟಿನ ದರ ಜಾಸ್ತಿ. ಬೇಸಿಗೆಯಲ್ಲಿ 40 ಸೆಂಟನ್ನೂ ದಾಟುತ್ತದೆ, ಅಂದರೆ ಮೂವತ್ತೈದು ರೂಪಾಯಿಯ ಹತ್ತಿರ. ಹೀಗಾಗಿ ನಮ್ಮ ಮನೆಯಲ್ಲಿ ದಿನಾ ಸಂಜೆ ಐದು ಗಂಟೆ ಕಾಲ ರಾಹುಕಾಲ. ಬಟ್ಟೆ ಒಗೆಯುವ ಮಷೀನು ಹಾಕುವಂತಿಲ್ಲ, ಪಾತ್ರೆ ತೊಳೆಯುವುದನ್ನು ಶುರುಮಾಡುವಂತಿಲ್ಲ, ಕಾರಿಗೆ ಚಾರ್ಜ್ ಹಾಕುವಂತಿಲ್ಲ. ಗಡಿಯಾರ ಒಂಬತ್ತು ಹೊಡೆದ ಕೂಡಲೇ ಬೀದಿಯ ಅಷ್ಟೂ ಮನೆಗಳಿಂದ ಗರಗರ ಸದ್ದು ಶುರುವಾಗುತ್ತದೆ. ಅಮ್ಮ ಇದನ್ನು ಒಪ್ಪಲೇ ಇಲ್ಲ. ಇಡ್ಲಿ ಹಿಟ್ಟನ್ನು ಸಂಜೆ ಆರಕ್ಕೇ ರುಬ್ಬಬೇಕು, ಒಂಬತ್ತರ ಮೇಲೆ ರುಬ್ಬಿದರೆ ಬೆಳಿಗ್ಗೆಗೆ ಹುದುಗು ಬರುವುದಿಲ್ಲ ಅಂತ ಅವರ ವಾದ. ಈ ಚಳಿಯಲ್ಲಿ ಅದು ನ್ಯಾಯವಾದದ್ದೇ.

"ಗ್ರೈಂಡರ್ ಏನು ಮಹಾ ಕರೆಂಟು ತಿನ್ನುತ್ತೆ? ನಮ್ಮ ಮನೇಲಿ ಈಗ ಬಿಲ್ಲೇ ಸೊನ್ನೆ ಬರುತ್ತೆ, ಗೊತ್ತಾ" ಅಂದರು ಅಮ್ಮ. ಗೃಹಜ್ಯೋತಿಯ ಕೃಪೆ. 2023ರಿಂದ ಅವರಿಗೆ 200 ಯೂನಿಟ್ಟಿನವರೆಗೆ ಬಿಟ್ಟಿ. ಅವರ ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ನಮ್ಮೆಜಮಾನರು ಬಿಲ್ಲನ್ನು ಮಡಚಿ ಡ್ರಾಯರಿನೊಳಗೆ ಹಾಕಿದರು. ಗ್ರೈಂಡರ್ ಆರಕ್ಕೇ ಓಡಿತು.

ಕೆಲಸಕ್ಕೆ ಹೋಗಲೂ ಕಾಸು ಬಿಚ್ಚಬೇಕು. ಕೊಲ್ಲಿಯ ಆಚೆ ದಡದ ಆಫೀಸಿಗೆ ಡಂಬಾರ್ಟನ್ ಸೇತುವೆ ದಾಟಬೇಕು. 2025ರಲ್ಲಿ ಟೋಲು 8 ಡಾಲರ್ ಆಯಿತು. ಅದು ಆ ಕಡೆ ಹೋಗುವಾಗ ಮಾತ್ರ, ವಾಪಸ್ ಬರುವಾಗ ಏನೂ ಇಲ್ಲ. ಯಾರೋ ತಿಳಿದವರೇ ಮಾಡಿರಬೇಕು ಈ ನಿಯಮ. ಸಂಜೆ ಮನೆಗೆ ಹೊರಟವರ ಮುಖ ನೋಡಿದ್ದರೆ ಯಾರಿಗೂ ದುಡ್ಡು ಕೇಳುವ ಮನಸ್ಸು ಬರುವುದಿಲ್ಲ.

ಬಿಟ್ಟಿ ಸಿಗುವುದು ಏನೂ ಇಲ್ಲವೇ ಅಂದರೆ, ಇದೆ. ನಿಂಬೆಹಣ್ಣು. ಚಳಿಗಾಲ ಬಂತೆಂದರೆ ಪ್ರತಿ ಮನೆಯ ಮುಂದೂ ಒಂದು ರಟ್ಟಿನ ಡಬ್ಬ, ಅದರ ತುಂಬ ಮೇಯರ್ ಎಂಬ ಜಾತಿಯ ನಿಂಬೆ, ಬೇಕಾದವರು ತೆಗೆದುಕೊಳ್ಳಿ ಅಂತ ಒಂದು ಚೀಟಿ. ಎಷ್ಟು ಚಿತ್ರಾನ್ನ ಮಾಡಿದರೂ ಮುಗಿಯುವುದಿಲ್ಲ. ಆದರೆ ಆ ಚಿತ್ರಾನ್ನಕ್ಕೆ ಬೇಕಾದ ಒಂದು ಹಿಡಿ ಕರಿಬೇವಿಗೆ ಎರಡು ಡಾಲರ್. ತಮಾಷೆ ಅಂದರೆ ಎರಡೂ ಒಂದೇ ಕುಟುಂಬದ ಸಸ್ಯಗಳು. ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಒಂದು ಪುಟ್ಟ ಕೀಟಕ್ಕೆ ಕರಿಬೇವು ಅಂದರೆ ಪ್ರಾಣ. ಹಾಗಾಗಿ ಕರಿಬೇವಿನ ಗಿಡಗಳನ್ನು ಒಂದು ಊರಿಂದ ಇನ್ನೊಂದು ಊರಿಗೆ ಸಾಗಿಸಲು ಇಲ್ಲಿ ಕೃಷಿ ಇಲಾಖೆಯ ನಿರ್ಬಂಧಗಳಿವೆ. ಮನೆಯಲ್ಲಿ ಕರಿಬೇವಿನ ಗಿಡ ಇರುವ ಕನ್ನಡಿಗರು ಅದನ್ನು ಚಳಿಯಲ್ಲಿ ಒಳಗಿಟ್ಟು, ಬಿಸಿಲಲ್ಲಿ ಹೊರಗಿಟ್ಟು, ಮಗುವಿಗಿಂತ ಹೆಚ್ಚು ಸಾಕುತ್ತಾರೆ. ಅಂಥವರ ಸ್ನೇಹ ಬೆಳೆಸಿಕೊಳ್ಳುವುದು ಜಾಣತನ.

ವಸ್ತುಗಳ ಬೆಲೆಗೆ ಹೇಗೋ ಹೊಂದಿಕೊಳ್ಳಬಹುದು. ಕೈಕೆಲಸದ ಬೆಲೆಗೆ ಆಗುವುದಿಲ್ಲ. ಪ್ಲಂಬರ್ ಬಂದು ನಲ್ಲಿಯ ಮುಂದೆ ಬಗ್ಗಿ ನೋಡಿದರೆ ಸಾಕು, ನೂರಿನ್ನೂರು ಡಾಲರ್ ಹೋಯಿತು. ರಿಪೇರಿ ಆಮೇಲಿನ ಮಾತು. ಹಾಗಂತ ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಬರುವುದಿಲ್ಲ. ಅವನು ಈ ಊರಲ್ಲಿ ಇರುವುದೇ ಇಲ್ಲ. ನಲ್ಲಿ ರಿಪೇರಿಯವನು, ತಲೆಕೂದಲು ಕತ್ತರಿಸುವಾಕೆ, ಮಕ್ಕಳ ಟೀಚರು, ಎಷ್ಟೋ ಜನ ಆಲ್ಟಮಾಂಟ್ ಗುಡ್ಡದ ಆಚೆಯಿಂದ, ಟ್ರೇಸಿ, ಮ್ಯಾಂಟೀಕಾ ಕಡೆಯಿಂದ ಕತ್ತಲಿರುವಾಗಲೇ ಎದ್ದು ಬರುತ್ತಾರೆ. ಅವರಿಗಾಗಿಯೇ ಎನ್ನುವಂತೆ ಸ್ಟಾಕ್ಟನ್‌ನಿಂದ ಗುಡ್ಡ ದಾಟಿ ಒಂದು ರೈಲು ಬರುತ್ತದೆ, 1998ರಿಂದ. ಬೆಳಿಗ್ಗೆ ಈ ಕಡೆ, ಸಂಜೆ ಆ ಕಡೆ. ಇಲ್ಲಿ ಕೆಲಸ ಮಾಡಬಹುದು, ಮಲಗುವುದಕ್ಕೆ ಮಾತ್ರ ಗುಡ್ಡದಾಚೆ ಹೋಗಬೇಕು.

ಈಗೀಗ ನಮ್ಮವರೂ ಗುಡ್ಡ ದಾಟುತ್ತಿದ್ದಾರೆ. ಅಲ್ಲಿ ಮೌಂಟನ್ ಹೌಸ್ ಅಂತ ಹೊಸ ಊರೊಂದಿದೆ. 2024ರ ಜುಲೈನಲ್ಲಷ್ಟೇ ಅದು ನಗರವಾಯಿತು. 2008ರಲ್ಲಿ ಇದೇ ಊರು ಪತ್ರಿಕೆಗಳಲ್ಲಿ ಬಂದಿತ್ತು. ಮನೆಯ ಬೆಲೆ ಸಾಲಕ್ಕಿಂತ ಕೆಳಗೆ ಬಿದ್ದವರ ಲೆಕ್ಕದಲ್ಲಿ ಅಮೆರಿಕಕ್ಕೇ ಮೊದಲ ಸ್ಥಾನ. ಈಗ ಅಲ್ಲಿ ಶನಿವಾರವಾದರೆ ಒಂದಲ್ಲ ಒಂದು ಗೃಹಪ್ರವೇಶ. ಐದು ಬೆಡ್‌ರೂಮು, ಎರಡು ಅಂತಸ್ತು, ನಮ್ಮ ಊರಿನ ಹಳೇ ಮನೆಗಿಂತ ಕಡಿಮೆ ಬೆಲೆ. ಹೋಳಿಗೆ ಊಟ ಮಾಡಿ, ಮನೆಯನ್ನೆಲ್ಲ ಸುತ್ತಿ ಹೊಗಳಿ, ವಾಪಸ್ ಬರುವಾಗ ನಮ್ಮೆಜಮಾನರು ಗಾಳಿಯಂತ್ರಗಳ ನಡುವಿನ ಟ್ರಾಫಿಕ್ಕಿನಲ್ಲಿ ಸುಮ್ನೆ ಕೂತು ಮೈಲಿ ಲೆಕ್ಕ ಹಾಕುತ್ತಾರೆ. ನಾನು ನಿಮಿಷದ ಲೆಕ್ಕ ಹಾಕುತ್ತೇನೆ. ಇಬ್ಬರ ಉತ್ತರವೂ ತಾಳೆಯಾಗುವುದಿಲ್ಲ.

ಪ್ಲಂಬರ್‌ಗೆ ಹೆದರಿಯೇ ನಮ್ಮೆಜಮಾನರು ಯೂಟ್ಯೂಬ್ ನೋಡಿ ನಲ್ಲಿ ರಿಪೇರಿ ಕಲಿತದ್ದು. ಮಗನ ಹೇರ್‌ಕಟ್ಟೂ ಅವರದೇ. ಅದರ ಬಗ್ಗೆ ಮಗನ ಅಭಿಪ್ರಾಯ ಬೇರೆ. ಪಕ್ಕದ ಅಜ್ಜಿಗೆ ಇದು ಹೇಗೋ ಗೊತ್ತಾಗಿ, ತಮ್ಮ ಅಡುಗೆಮನೆಯ ನಲ್ಲಿ ತೊಟ್ಟಿಕ್ಕಿದಾಗಲೆಲ್ಲ ಬಂದು ಕರೆಯುತ್ತಾರೆ. ಅಜ್ಜಿಯದೂ ವಿಚಿತ್ರ ಪರಿಸ್ಥಿತಿ. ಅವರ ಗಂಡ ಇಲ್ಲಿಯ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರಂತೆ. ಒಬ್ಬರ ಸಂಬಳದಲ್ಲೇ ಮನೆ, ಕಾರು, ಇಬ್ಬರು ಮಕ್ಕಳು ಎಲ್ಲ ಆಯಿತು. ಕಾರ್ಖಾನೆ 1982ರಲ್ಲಿ ಮುಚ್ಚಿತು. ಅದೇ ಜಾಗದಲ್ಲಿ ಈಗ ಟೆಸ್ಲಾ ಕಾರು ತಯಾರಾಗುತ್ತದೆ. ಅಜ್ಜಿ ಕೂತಿರುವುದು ಹನ್ನೆರಡು ಕೋಟಿಗೂ ಮೇಲಿನ ಮನೆಯಲ್ಲಿ, ಕೈಯಲ್ಲಿರುವುದು ಒಂದು ಪಿಂಚಣಿ. ವಾರಕ್ಕೊಂದು ಪತ್ರ ಬರುತ್ತದೆ, ನಿಮ್ಮ ಮನೆ ಮಾರುತ್ತೀರಾ, ನಗದು ಕೊಡುತ್ತೇವೆ ಅಂತ. ಅವುಗಳ ಹಿಂಬದಿಯಲ್ಲಿ ಅವರು ದಿನಸಿ ಪಟ್ಟಿ ಬರೆದುಕೊಳ್ಳುತ್ತಾರೆ.

ಮಾರಿ ಮಗಳ ಊರಿಗೆ ಯಾಕೆ ಹೋಗಬಾರದು ಅಂತ ಒಮ್ಮೆ ಕೇಳಿದೆ. ಅಜ್ಜಿ ಬೆರಳು ಮಡಚಿ ವಿವರಿಸಿದರು. ಈಗ ಮಾರಿದರೆ ಬಂದ ಲಾಭದಲ್ಲಿ 2.5 ಲಕ್ಷ ಡಾಲರ್ ಬಿಟ್ಟು ಮಿಕ್ಕಿದ್ದಕ್ಕೆಲ್ಲ ತೆರಿಗೆ. ತಾವು ಹೋದಮೇಲೆ ಮಕ್ಕಳು ಮಾರಿದರೆ ಅಲ್ಲಿಯವರೆಗಿನ ಲಾಭಕ್ಕೆ ತೆರಿಗೆಯೇ ಇಲ್ಲ. "ಬದುಕಿರುವುದಕ್ಕಿಂತ ಸತ್ತರೆ ನನ್ನ ಬೆಲೆ ಜಾಸ್ತಿ" ಅಂತ ಗಟ್ಟಿಯಾಗಿ ನಕ್ಕರು. ಮಕ್ಕಳು ಇಲ್ಲೇ ಬಂದು ವಾಸ ಮಾಡಿದರೆ ಮಾತ್ರ ಹಳೇ ಕಂದಾಯದ ಅನುಕೂಲ ಅವರಿಗೆ ಸಿಗುತ್ತದೆ. 2021ರಿಂದ ನಿಯಮ ಹಾಗಾಗಿದೆ. ಮಗಳು ಐಡಾಹೋದಲ್ಲಿ, ಮಗ ಟೆಕ್ಸಸ್‌ನಲ್ಲಿ. ಇಬ್ಬರೂ ಈ ದುಬಾರಿ ಊರಿನ ಸಹವಾಸವೇ ಬೇಡ ಅಂತ ಕೈಮುಗಿದಿದ್ದಾರೆ. ಅಂದರೆ ಮುಂದೊಂದು ದಿನ ಮಾರಾಟವಂತೂ ಖಂಡಿತ. ಅವತ್ತು ಆ ಮನೆಗೆ 1975 ಮುಗಿದು ಒಂದೇ ಸಲ ಅವತ್ತಿನ ತಾರೀಖು ಬರುತ್ತದೆ.

ಅಜ್ಜಿ ನೂರು ಕಾಲ ಬಾಳಲಿ. ನಾನು ಇದನ್ನು ಮನಸ್ಸಿನಿಂದಲೇ ಹೇಳುತ್ತಿದ್ದೇನೆ. ಆದರೆ ಮೊನ್ನೆ ನಲ್ಲಿ ಸರಿಮಾಡಲು ಹೋಗಿದ್ದ ನಮ್ಮೆಜಮಾನರು ಬರುವಾಗ ಒಂದು ಚೀಲ ನಿಂಬೆಹಣ್ಣಿನ ಜೊತೆಗೆ ಆ ಅಡುಗೆಮನೆಯ ಉದ್ದಗಲದ ಅಳತೆಯನ್ನೂ ತೆಗೆದುಕೊಂಡು ಬಂದಿದ್ದಾರೆ.