ಮಣ್ಣಿನ ಗುಡಿಗೆ ನೆರಳು ಬಿಡಿ

ಬಿಷ್ಣುಪುರದಿಂದ ಬಂದು ಹದಿನೈದು ದಿನ ಆಯಿತು. ರಾತ್ರಿ ತೆಗೆದ ಫೋಟೋ ಹಾಕಿ ಅಂತ ಗೆಳೆಯರು ಕೇಳುತ್ತಲೇ ಇದ್ದಾರೆ. ಹಾಕಿದ್ದೇನೆ, ನೋಡಿ. ಜೊತೆಗೆ ತುಂಬಾ ದಿನದಿಂದ ಮನಸ್ಸನ್ನು ಕೊರೆಯುತ್ತಿರುವ ಒಂದು ಮಾತನ್ನೂ ಹೇಳಿಬಿಡುತ್ತೇನೆ.

ಬಿಷ್ಣುಪುರ ಪಶ್ಚಿಮ ಬಂಗಾಳದ ಬಾಂಕುಡಾ ಜಿಲ್ಲೆಯ ಊರು, ಮಲ್ಲ ರಾಜರು ಆಳಿದ ಜಾಗ. ಬಂಗಾಳದಲ್ಲಿ ನದಿ ತಂದು ಹಾಕಿದ ಮಣ್ಣಿಗೆ ಬರವಿಲ್ಲ, ಕೆತ್ತುವಂಥ ಕಲ್ಲಿಗೆ ಬರ. ಹಾಗಾಗಿ ಇಟ್ಟಿಗೆಯಲ್ಲೇ ಗುಡಿ ಕಟ್ಟಿದರು. ಹಸಿ ಮಣ್ಣಿನ ಹಲಗೆಗಳ ಮೇಲೆ ಚಿತ್ರ ಮೂಡಿಸಿ, ಸುಟ್ಟು, ಗೋಡೆ ತುಂಬಾ ಕೂರಿಸಿದರು. 1643ರ ಶ್ಯಾಮರಾಯ್ ಗುಡಿ, 1655ರ ಜೋಡ್ ಬಾಂಗ್ಲಾ ಎರಡನ್ನೂ ಕಟ್ಟಿಸಿದ್ದು ಮಲ್ಲ ರಾಜ ರಘುನಾಥ ಸಿಂಹ. ಜೋಡ್ ಬಾಂಗ್ಲಾ ನೋಡಿದರೆ ಎರಡು ಗುಡಿಸಲು ಬೆನ್ನಿಗೆ ಬೆನ್ನು ಕೊಟ್ಟು ನಿಂತ ಹಾಗಿದೆ.

ಆ ಗುಡಿಯ ಗೋಡೆಯಲ್ಲಿ ಒಂದು ದೋಣಿ ಇದೆ. ಅಂಗೈ ಅಗಲದ ಚಿತ್ರ. ಮಧ್ಯಾಹ್ನ ಹೋದಾಗ ಅದು ಬರೀ ಕೆಂಪು ಉಬ್ಬು. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಮತ್ತೆ ಹೋದೆ. ಹುಟ್ಟು ಹಾಕುವವರ ಒಬ್ಬೊಬ್ಬರ ತೋಳೂ ಬೇರೆ ಬೇರೆಯಾಗಿ ಎದ್ದು ಬಂತು. ಬಂದೂಕು ಹಿಡಿದವನ ಮೂಗು ಕಂಡಿತು. ಅಲ್ಲೇ ಸ್ವಲ್ಪ ದೂರದಲ್ಲಿ ಬಾಣದ ಮಂಚದ ಮೇಲೆ ಮಲಗಿದ ಭೀಷ್ಮ. ಒಂದೊಂದು ಬಾಣದ ಕೆಳಗೂ ಕೂದಲೆಳೆಯಷ್ಟು ನೆರಳು. ಇಷ್ಟು ತೆಳು ಕೆಲಸಕ್ಕೆ ನೆರಳೇ ಜೀವ. ನಮ್ಮ ಬೇಲೂರು, ಹಳೇಬೀಡಿನಲ್ಲಿ ಬಳಪದ ಕಲ್ಲನ್ನು ಒಳಗಿನ ತನಕ ಕೊರೆದಿದ್ದಾರೆ, ಬೆಳಕು ಹೇಗೇ ಬಿದ್ದರೂ ಒಂದಿಷ್ಟು ಕತ್ತಲು ಒಳಗೆ ಉಳಿಯುತ್ತದೆ. ಮಣ್ಣಿನ ಹಲಗೆಗೆ ಆ ಆಳ ಇಲ್ಲ.

ಅದಕ್ಕೇ ಎದುರಿನಿಂದ ರಾಚುವ ಫ್ಲಡ್‌ಲೈಟ್ ಕಂಡರೆ ನನಗೆ ಸಂಕಟ ಆಗುತ್ತದೆ. ಬೇರೊಂದು ಊರಲ್ಲಿ, ಹೆಸರು ಬೇಡ, ಹಳೇ ಇಟ್ಟಿಗೆ ಗುಡಿಗೆ ಹಸಿರು, ನೇರಳೆ ಬಣ್ಣದ ಎಲ್‌ಇಡಿ ಹಾಕಿದ್ದರು. ಮಣ್ಣಿನ ಕೆಂಪು ಪೂರ್ತಿ ಹೋಗಿ ಸೀಸದ ಬಣ್ಣ ಬಂದಿತ್ತು. ಒಂದು ಗಂಟೆ ನಿಂತು ಒಂದೂ ಫೋಟೋ ತೆಗೆಯದೆ ವಾಪಸ್ ಬಂದೆ. ಲೈಟ್ ಹಾಕುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಒಂದೇ ಪಕ್ಕದಿಂದ, ಗೋಡೆ ಸವರಿಕೊಂಡು ಹೋಗುವ ಹಾಗೆ, ಹಳದಿ ಬೆರೆತ ಬೆಳಕು ಹಾಕಿ. ಉಳಿದದ್ದು ಕತ್ತಲಲ್ಲೇ ಇರಲಿ.

ಫೋಟೋ ತೆಗೆಯುವ ನಾವೂ ಸ್ವಲ್ಪ ನೋಡಿಕೊಳ್ಳಬೇಕು ಅಲ್ವಾ? ಆಮೇಲೆ ಎಡಿಟ್ ಮಾಡುವಾಗ ನೆರಳನ್ನೆಲ್ಲ ಎತ್ತಿ, ಇಟ್ಟಿಗೆಗೆ ಕಿತ್ತಳೆ ಬಣ್ಣ ಬಳಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಬೆಳಕಿನ ಬಣ್ಣಕ್ಕೆ ತಕ್ಕಂತೆ ಕ್ಯಾಮೆರಾ ಹೊಂದಿಸುವ ವೈಟ್ ಬ್ಯಾಲೆನ್ಸ್ ಅನ್ನು ಆಟೋದಲ್ಲಿ ಬಿಡಬೇಡಿ, ಕೆಂಪು ಪೇಲವ ಆಗುತ್ತದೆ. ನಾನು 3500 ಕೆಲ್ವಿನ್ ಆಸುಪಾಸು ಇಟ್ಟುಕೊಳ್ಳುತ್ತೇನೆ. ಪುರಾತತ್ವ ಇಲಾಖೆಯ ಜಾಗಗಳಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕು. ನಾನು ಬೇಲಿಯ ಹೊರಗೆ ನಿಂತು, ಕ್ಯಾಮೆರಾವನ್ನು ಬ್ಯಾಗ್ ಮೇಲೆ ಊರಿ ತೆಗೆದೆ.

ಮೊದಲನೇ ಫೋಟೋ ರಾಸಮಂಚದ್ದು. ಮಲ್ಲ ರಾಜ ವೀರ ಹಂಬೀರ 1600ರಲ್ಲಿ ಕಟ್ಟಿಸಿದ್ದು. ಜಂಬಿಟ್ಟಿಗೆಯ ಜಗಲಿ, ಅದರ ಮೇಲೆ ಸುತ್ತ ಸಾಲು ಸಾಲು ಕಮಾನು, ನೆತ್ತಿಯಲ್ಲಿ ಪಿರಮಿಡ್‌ನಂಥ ಚಾವಣಿ. ಕೃಷ್ಣನ ರಾಸಲೀಲೆಯ ನೆನಪಿನ ರಾಸ ಹಬ್ಬಕ್ಕೆ ಊರಿನ ರಾಧಾಕೃಷ್ಣ ಮೂರ್ತಿಗಳನ್ನೆಲ್ಲ ಇಲ್ಲಿಗೆ ತಂದು ಕೂರಿಸುತ್ತಿದ್ದರು. 1932ರ ತನಕ ಅದು ನಡೆಯಿತು. ಕಾರ್ತಿಕದ ಹುಣ್ಣಿಮೆ, ಕಮಾನುಗಳ ಒಳಗೆ ದೀಪ, ಹೊರಗೆ ಬೆಳದಿಂಗಳು. ಹೇಗೆ ಕಂಡಿರಬೇಕು ಅಂತ ನೆನೆಯುತ್ತಾ ಬೇಲಿ ಹಿಡಿದು ನಿಂತಿದ್ದೆ. ಆಕಾಶ ಇನ್ನೂ ನೀಲಿ ಇತ್ತು. ಕಮಾನುಗಳ ಮೇಲೆ ಮಣ್ಣಿನ ತಾವರೆಗಳಿವೆ. ಫೋಟೋದಲ್ಲಿ ಎಡಗಡೆಯ ನಾಲ್ಕು ಮಾತ್ರ ಕಾಣುತ್ತವೆ. ಉಳಿದವನ್ನು ಎಡಿಟ್‌ನಲ್ಲಿ ಬೆಳಗಿಸಬಹುದಿತ್ತು, ಬೆಳಗಿಸಲಿಲ್ಲ.