ವಿಜ್ಞಾನದ ಪ್ರಶಸ್ತಿ ಇಡೀ ತಂಡಕ್ಕೆ: ಸರಿಯೇ?

ಪರ

ವಿಜ್ಞಾನ ದಿನಕ್ಕೆ ಬೆಳಗಾವಿಯಿಂದ ಬಂದಿದ್ದ ಅಕ್ಕನ ಮಕ್ಕಳನ್ನು ಪುಣೆಯಿಂದ ಖೋಡದ್‌ಗೆ ಕರೆದೊಯ್ದಿದ್ದೆ. 45 ಮೀಟರ್ ಅಗಲದ 30 ಆಂಟೆನಾಗಳ ರೇಡಿಯೋ ದೂರದರ್ಶಕ ಇರುವ ಊರು. ಸಣ್ಣವ ತಲೆ ಎತ್ತಿ ನೋಡಿ, "ಮಾಮಾ, ಇದನ್ನ ಯಾರು ಕಟ್ಟ್ಯಾರ?" ಅಂದ. ಖಗೋಳ ವಿಜ್ಞಾನಿ ಗೋವಿಂದ ಸ್ವರೂಪ್ ಅಂದೆ. ಸುಳ್ಳಲ್ಲ, ಆ ಕನಸು ಅವರದೇ. ಆದರೂ ಉತ್ತರ ಅರ್ಧವೇ ಆಯಿತಲ್ಲ ಅನ್ನಿಸಿತು.

ಹತ್ತಿರ ಹೋದರೆ ಆ ಆಂಟೆನಾದ ತಟ್ಟೆ ತಗಡಿನದಲ್ಲ, ಸಣ್ಣ ಉಕ್ಕಿನ ತಂತಿಯ ಬಲೆ. ಗಾಳಿ ಅದರೊಳಗಿಂದಲೇ ಹಾದುಹೋಗುತ್ತದೆ, ಹಾಗಾಗಿ ಅಷ್ಟು ದೊಡ್ಡದನ್ನು ಕಡಿಮೆ ಉಕ್ಕಿನಲ್ಲಿ ನಿಲ್ಲಿಸಲು ಆಯಿತು. ಅದು ಕಟ್ಟಡದ ಎಂಜಿನಿಯರುಗಳ ತಲೆ. ಬಲೆಗೆ ಬಿದ್ದ ಕ್ಷೀಣ ಸಂಕೇತವನ್ನು ಹಿಗ್ಗಿಸುವವರು ಎಲೆಕ್ಟ್ರಾನಿಕ್ಸ್‌ನವರು, ಮೂವತ್ತನ್ನೂ ಕೂಡಿಸುವವರು ಕಂಪ್ಯೂಟರಿನವರು. ಖಗೋಳ ವಿಜ್ಞಾನಿಯ ಸರದಿ ಆಮೇಲೆ. ಒಬ್ಬರು ಕೈಬಿಟ್ಟರೂ ಅಲ್ಲಿ ಉಳಿಯುವುದು ಬರೀ ತಂತಿ.

ಗುರುತ್ವ ಅಲೆ ಪತ್ತೆಯಾದಾಗ ಪ್ರಬಂಧಕ್ಕೆ ಸಾವಿರಕ್ಕೂ ಹೆಚ್ಚು ಲೇಖಕರು. ನಮ್ಮ ಪುಣೆಯ ಖಗೋಳ ಸಂಶೋಧನಾ ಸಂಸ್ಥೆ ಐಯೂಕಾದವರೂ ಇದ್ದರು. 2017ರ ನೊಬೆಲ್ ಸಿಕ್ಕಿದ್ದು ಮೂವರಿಗೆ. ಮೂವರಿಗಷ್ಟೇ ಅನ್ನುವ ಆ ಮಿತಿ ನೊಬೆಲ್‌ನವರದು, ನಮಗೇಕೆ? ಕೇಂದ್ರ ಸರ್ಕಾರದ ರಾಷ್ಟ್ರೀಯ ವಿಜ್ಞಾನ ಪುರಸ್ಕಾರದಲ್ಲಿ ಮೂರು ಅಥವಾ ಹೆಚ್ಚು ಮಂದಿಯ ತಂಡಕ್ಕೇ ಒಂದು ಪ್ರಶಸ್ತಿ ಇಟ್ಟು, 2024ರಲ್ಲಿ ಮೊದಲನೆಯದನ್ನು ಚಂದ್ರಯಾನ-3ಕ್ಕೆ ಕೊಟ್ಟದ್ದು ನ್ಯಾಯವಾಗಿದೆ.

ವಿರೋಧ

ಕೂಡಿ ಮಾಡಿದ ಕೆಲಸಕ್ಕೆ ಗೌರವ ಬೇಡ ಅನ್ನುವವಳು ನಾನಲ್ಲ. "ತಂಡ" ಅಂದರೆ ಯಾರು ಅನ್ನುವುದಷ್ಟೇ ನನ್ನ ತಕರಾರು.

ಪುಣೆಯ ಒಂದು ಲ್ಯಾಬಿನಲ್ಲಿ ನಾಲ್ಕು ವರ್ಷ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದೆ. ಮಣ್ಣಿನ ಸೂಕ್ಷ್ಮಜೀವಿಗಳ ಕೆಲಸ. ರಸಾಯನದವರು, ಸಂಖ್ಯಾಶಾಸ್ತ್ರದವರು ಎಲ್ಲರೂ ಇದ್ದರು. ಒಂದು ಮಳೆಗಾಲದ ರಾತ್ರಿ ಎರಡು ಗಂಟೆಗೆ ಮೈನಸ್ 80 ಡಿಗ್ರಿಯ ಫ್ರೀಜರ್ ಕೆಟ್ಟು ಅಲಾರಾಂ ಹೊಡೆದುಕೊಂಡಿತು. ನಾನು, ವಾಚ್‌ಮನ್ ಕಾಕಾ ಇಬ್ಬರೇ ಸ್ಯಾಂಪಲ್ ಡಬ್ಬಿಗಳನ್ನು ಮೇಲಿನ ಮಹಡಿಯ ಫ್ರೀಜರ್‌ಗೆ ಹೊತ್ತೆವು. ಬೆರಳ ತುದಿ ಮರಗಟ್ಟಿ ಎರಡು ದಿನ ಪೆನ್ನು ಹಿಡಿಯಲಾಗಲಿಲ್ಲ. ಮೂರು ವರ್ಷದ ಮಾದರಿ ಉಳಿಯಿತು. ಪ್ರಬಂಧ ಬಂದಾಗ ಲೇಖಕರಲ್ಲಿ ನಾನಿಲ್ಲ. ಕೊನೆಯ ಕೃತಜ್ಞತೆಯ ಸಾಲಿನಲ್ಲಿ ನನ್ನ ಹೆಸರು, ಅದೂ ತಪ್ಪು ಕಾಗುಣಿತದಲ್ಲಿ. ಕಾಕಾನ ಹೆಸರು ಎಲ್ಲೂ ಇಲ್ಲ. ನಾಳೆ ಆ ಲ್ಯಾಬಿಗೆ ತಂಡದ ಪ್ರಶಸ್ತಿ ಬಂದರೆ ಪಟ್ಟಿ ಬರೆಯುವವರು ಮುಖ್ಯಸ್ಥರೇ ತಾನೇ? ವೇದಿಕೆ ಹತ್ತುವವರೂ ಅವರೇ.

ಇನ್ನು ಯಾವ ತಂಡಗಳಿಗೆ ಸಿಕ್ಕಿದೆ ನೋಡಿ. ಮೊದಲು ಚಂದ್ರಯಾನ, ಮರುವರ್ಷ ಸರ್ಕಾರಿ ಸಂಶೋಧನಾ ಮಂಡಳಿ ಸಿಎಸ್‌ಐಆರ್‌ನ ಅರೋಮಾ ಮಿಷನ್, ಅಂದರೆ ಸುಗಂಧ ಬೆಳೆಗಳ ಯೋಜನೆ. ಎರಡೂ ಒಳ್ಳೆಯ ಕೆಲಸವೇ, ಎರಡೂ ಸರ್ಕಾರದ ದೊಡ್ಡ ಯೋಜನೆಗಳೇ. ಒಂದೇ ಮೈಕ್ರೋಸ್ಕೋಪ್ ಹಂಚಿಕೊಂಡು ದುಡಿಯುವ ಒಬ್ಬ ಡಾಕ್ಟರು, ಒಬ್ಬ ಭೌತವಿಜ್ಞಾನಿ, ಒಬ್ಬ ವಿದ್ಯಾರ್ಥಿನಿ, ಇವರೆಲ್ಲ ಅಂಥ ದೊಡ್ಡ ಯೋಜನೆಗಳ ಸಾಲಿನಲ್ಲಿ ಎಲ್ಲಿ ನಿಲ್ಲಬೇಕು? ಆ ವಿದ್ಯಾರ್ಥಿನಿ ಕೆಲಸದ ಸಂದರ್ಶನಕ್ಕೆ ಹೋದರೆ ಮೊದಲ ಪ್ರಶ್ನೆ, ಮೊದಲ ಲೇಖಕಿಯಾಗಿ ಎಷ್ಟು ಪ್ರಬಂಧ ಇದೆ ಅನ್ನುವುದೇ.

ಪ್ರಶಸ್ತಿಪತ್ರದ ಜೊತೆ ಪ್ರತಿಯೊಬ್ಬರ ಹೆಸರು, ಅದರ ಮುಂದೆ ಅವರು ಮಾಡಿದ ಕೆಲಸ, ಎರಡನ್ನೂ ಅಚ್ಚು ಹಾಕಿ ಹೊರಗಿಡಲಿ, ತಂಡದವರೇ ನೋಡಿ ಸಹಿ ಹಾಕಲಿ. ಅಲ್ಲಿಯವರೆಗೆ ನನ್ನದು ವಿರೋಧವೇ.